ತೊಟ್ಟಿಲಿಗೆ ತಡೆ

ತಾರ್ತುವಿನ ನದಿಗೆ ತಾಯಿಹೊಳೆ ಎಂದೇ ಹೆಸರು;
ಮಾರ್ಚ್ ಮುಗಿದರೂ ಮಂಜುಗಡ್ಡೆ ಒಡೆದಿಲ್ಲ.
ಮಾರಿಕಾ ಹವಾಮಾನ ನೋಡಲು ಹೋದರೂ
ಪಕ್ಕದಲ್ಲೇ ತೂಗುತ್ತದೆ ತೊಟ್ಟಿಲು,
ಬರ್ಚ್ ಮರದ್ದು, ಈಗ ಶೇಕಡಾ ಇಪ್ಪತ್ತು ಕಡಿಮೆ.

ಆಸ್ಪತ್ರೆಯಿಂದ ಬರಿಗೈಲಿ ಬಂದದ್ದನ್ನು
ಅದಕ್ಕೆ ಯಾರೂ ಹೇಳಿಲ್ಲ.
ಅಕ್ಟೋಬರಿನಲ್ಲೊಮ್ಮೆ ಬೆಲೆ ಕೇಳಿದ್ದನ್ನು ಮಾತ್ರ ಮರೆತಿಲ್ಲ.

ರಾತ್ರಿ ಪ್ರಾಕ್ಸಿ ಕೂರಿಸಿದೆ.
ಕುಕೀಗಳಿಗೆ ಕತ್ತರಿ,
ಕಣ್ಣಿಗೆ ಕಾಣದ ಬೇಹಿನ ಚಿತ್ರಗಳಿಗೆ ತಡೆ,
ಆಮೇಲೆ ಒಂದೊಂದೇ ಅಂಗಡಿಯ ಹೆಸರು.
ಒಂದು ಚುಕ್ಕಿ ತಪ್ಪಿ ಬ್ಯಾಂಕೇ ಬಾಗಿಲು ಹಾಕಿತು;
ಬೈದುಕೊಂಡು ತಿದ್ದಿದೆ.

ಬೆಳಿಗ್ಗೆ, ತೊಟ್ಟಿಲಿದ್ದಲ್ಲಿ ಬಿಳಿ ಚೌಕ.
ಅವಳು ಅದನ್ನೇ ನೋಡುತ್ತ ಕೂತಳು.
"ಉರ್ಮಸ್, ಈ ಖಾಲಿಗೂ
ಏನಾದರೂ ನಿಯಮ ಇದೆಯಾ?"

ಇದೆ. ಮೂರೇ ಸಾಲು.
ಬರೆಯಲಿಲ್ಲ.