ನಾಲ್ಕಾಣೆ ಕೊರತೆ

ಕುಟ್ಟದಿಂದ ಮೊದಲ ಬಸ್ಸು. ಐದೂ ಕಾಲು.
ಮಂಜು ಎಷ್ಟೆಂದರೆ ತಮ್ಮಯ್ಯ ತಲೆ ಹೊರಗೆ ಹಾಕಿ
ರಸ್ತೆಯನ್ನು ಕಿವಿಯಿಂದ ಹುಡುಕುತ್ತಿದ್ದ.
ಒಳಗಿನ ಬಲ್ಬು ಸತ್ತು ವಾರವಾಗಿತ್ತು.
ನಾನು ಚಿಲ್ಲರೆ ನೋಡುತ್ತಿರಲಿಲ್ಲ, ಮುಟ್ಟುತ್ತಿದ್ದೆ:
ಇದು ರೂಪಾಯಿ, ಇದು ಎಂಟಾಣೆ,
ಇದು ಘೇಂಡಾಮೃಗದ ನಾಲ್ಕಾಣೆ.
ಹೆಬ್ಬೆರಳಿಗೆ ಹನ್ನೊಂದು ವರ್ಷದ ಸರ್ವಿಸ್ಸು.

ಹುದಿಕೇರಿಯಲ್ಲಿ ಚೆಕಿಂಗ್.
ಹಾಲೇಶಪ್ಪನವರು ಚೀಲ ಬೋರಲು ಹಾಕಿ
ಟಾರ್ಚು ಬಿಟ್ಟರು. ಬಿಳಿ ಚಿಲ್ಲರೆಯ ನಡುವೆ
ಕೆಂಪಗೆ ಒಂದು: ಗಡ್ಡದ ಮುಖ, ಇಂಗ್ಲಿಷಿನ ಅಕ್ಷರ,
ಅಳತೆಗೆ ಸರಿಯಾಗಿ ನಾಲ್ಕಾಣೆ.
"ಏನ್ರೀ ಇದು, ಅಮೆರಿಕಾಕ್ಕೆ ಟಿಕೇಟು ಹರಿದಿದ್ದೀರಾ?"
ಬಸ್ಸು ನಕ್ಕಿತು.

ನಾನು ತಿರುಗಿ ನೋಡಿದೆ.
ಕಿಟಕಿಗಳ ಹತ್ತಿರ ಸ್ವೆಟರುಗಳು, ಒಂದು ಹ್ಯಾಟು,
ಒಬ್ಬ ಮೇಷ್ಟ್ರು, ಮಡಿಲಲ್ಲಿ ಹೆಲ್ಮೆಟ್ಟು ಇಟ್ಟುಕೊಂಡ ಹುಡುಗ.
ಹಿಂದಿನ ಸೀಟಿನಲ್ಲಿ ಶ್ರೀಮಂಗಲದಲ್ಲಿ ಹತ್ತಿದವಳು,
ತಲೆಗೆ ಗೋಣಿ ಕೊಪ್ಪೆ, ಪೊನ್ನಂಪೇಟೆಗೆ ಟಿಕೇಟು.
"ನೀನೇ ಅಲ್ವಾ ಕೊಟ್ಟದ್ದು?" ಎಂದೆ.

ಅವಳೇ ಎಂದು ನನಗೆ ಹೇಗೆ ಗೊತ್ತು?
ಗೊತ್ತಿರಲಿಲ್ಲ.

ಅವಳು ಸೆರಗಿನ ಗಂಟು ಬಿಚ್ಚಿದಳು, ಒಳಗೆ
ಎಲೆ, ಅಡಿಕೆ, ಮಡಿಸಿದ ಮಾತ್ರೆ ಚೀಟಿ.
ಮತ್ತೆ ಗಂಟು ಹಾಕಿ, ಟಿಕೇಟನ್ನು ನನ್ನ ಕೈಗೇ ಇಟ್ಟು,
ಅಲ್ಲೇ ಇಳಿದಳು. ಮಂಜು ಅವಳನ್ನು
ಎರಡು ಹೆಜ್ಜೆಗೆ ತೆಗೆದುಕೊಂಡಿತು.

ಮೆಮೊ ಬಂತು. ಕೊರತೆ: ೦-೨೫.
ನಾಣ್ಯವನ್ನು ಅದರಲ್ಲೇ ಮಡಿಸಿ
ಬೋರ್ನ್‌ವಿಟಾ ಡಬ್ಬಕ್ಕೆ ಹಾಕಿದೆ, ಸಾಕ್ಷಿಗೆಂದು.
ಯಾರ ಎದುರು ಹೇಳುವ ಸಾಕ್ಷಿಯೋ.

ಈ ವರ್ಷ ಕಕ್ಕಡದಲ್ಲಿ ಪಿಂಚಣಿ ಕಾಗದ ಹುಡುಕುತ್ತ
ಡಬ್ಬ ತೆಗೆದರೆ, ಗಡ್ಡದವನಿಗೆ ಸಿಡುಬು ಎದ್ದಿದೆ.
ಕೆನ್ನೆಯಲ್ಲಿ ಎರಡು ಗುಳ್ಳೆ, ಭುಜದಲ್ಲಿ ಸಾಸಿವೆಯಷ್ಟು ಮೂರು.
ಒಂದನ್ನು ಸೂಜಿಯಿಂದ ಚುಚ್ಚಿದೆ:
ಬಿಳಿ ಹುಡಿ, ಸುಣ್ಣದಂಥದ್ದು, ರುಚಿ ನೋಡಲಿಲ್ಲ.
ಅಂಚಿನ ಗೀರಿನಲ್ಲಿ ಕಪ್ಪು, ಕಪ್ಪಿನಾಚೆ ಪೊಳ್ಳು.

ವೀರಾಜಪೇಟೆಯಲ್ಲಿ ಗಿಲೀಟು ಹಾಕುವ ಸುಬ್ರಾಯಾಚಾರಿ
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹೇಳಿದರು:
"ತಾಮ್ರ ಅಲ್ಲ ಮಾರಾಯ್ರೆ, ಸತು. ತಾಮ್ರ ಬರೀ ಅಂಗಿ.
ಬಾತಿಗೆ ಇಳಿಸುವ ಮೊದಲು ಮೈ ತೊಳೆದಿಲ್ಲ ನೋಡಿ,
ಎಣ್ಣೆ ಜಿಡ್ಡೋ, ಯಾರದೋ ಬೆರಳೋ.
ಆ ಹೊತ್ತಿಗೆ ಕಾಣುವುದಿಲ್ಲ, ಹೊಳೆಯುತ್ತದೆ.
ಆಮೇಲೆ ಒಂದು ಗೀರು ಬಿದ್ದರೆ ಸಾಕು, ನೀರಿಗೆ ದಾರಿ.
ಸತು ತಾನೇ ಮುಂದೆ ಬಿದ್ದು ಕರಗುತ್ತದೆ,
ಅಂಗಿ ಹಾಗೇ ನಿಂತಿರುತ್ತದೆ."
ಬೆಲೆ ಏನಾದರೂ ಇದೆಯಾ, ಕೇಳಿದೆ.
"ನಮ್ಮ ಘೇಂಡಾಮೃಗಕ್ಕೇ ಇಲ್ಲವಲ್ಲ ಈಗ."

ಮಳೆ ಎರಡು ದಿನ ಬಿಟ್ಟಿತ್ತು.
ಭಾವ ಬೆಳ್ಯಪ್ಪ ಕಾಫಿಗೆ ಹೊಡೆಯಲು
ಡ್ರಮ್ಮಿನಲ್ಲಿ ಮೈಲುತುತ್ತ ಕಲಸುತ್ತಿದ್ದ.
ಕತ್ತಿ ಅದ್ದಿ ತೆಗೆದ. ಅಲಗು ಕೆಂಪಗಾಗಿತ್ತು.
"ಸುಣ್ಣ ಸಾಲದು" ಎಂದು ಒಳಗೆ ಹೋದ.

ಆ ನೀಲಿಗೆ ನಾನು ನಾಣ್ಯ ಅದ್ದಿದೆ.
ಗೀರು ಮುಚ್ಚಿತು. ನೋಡುತ್ತಿದ್ದ ಹಾಗೇ
ಚುಚ್ಚಿದ ಗುಳ್ಳೆಯ ಬಾಯಿ ತುಂಬಿ ಕೆಂಗಂದು ಬಣ್ಣ ಬಂತು.
ನನಗೆ ನಿಜಕ್ಕೂ ಖುಷಿಯಾಯಿತು, ಸುಳ್ಳೇಕೆ,
ಅರವತ್ತೆಂಟರ ಗಂಡಸು ಡ್ರಮ್ಮಿನ ಪಕ್ಕ ಕುಕ್ಕರಗಾಲಲ್ಲಿ.
ಒರೆಸಿದೆ. ಮಸಿಯ ಹಾಗೆ ಬಿಟ್ಟುಬಂತು.
ಕೆಳಗೆ ಗೀರು, ಮೊದಲಿಗಿಂತ ಅಗಲ.

ಮೂರು ದಿನ ಹೋಗಲಿಲ್ಲ ಹೆಬ್ಬೆರಳಿನ ಕಪ್ಪು.
ಮೆಮೊ ಕಾಗದದಲ್ಲಿ ನಾಣ್ಯವಿದ್ದ ಜಾಗಕ್ಕೆ
ಹಸಿರು ಬಳೆಯಂಥ ಗುರುತು ಬಿದ್ದಿದೆ.
ಮಡಿಕೆಯ ಈಚೆ ಒಂದು, ಆಚೆ ಒಂದು.
ಒಂದು ನನ್ನ ಸಹಿಯ ಮೇಲೆ.
ಇನ್ನೊಂದರೊಳಗೆ ಏನೂ ಬರೆದಿಲ್ಲ.