ವ್ಯಕ್ತಿ ಬ

ಕಿಸುಮುವಿನ ಕೋರ್ಟಿನ ಎದುರು,
ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ ನನ್ನ ಕಚೇರಿ.
ಕರೆಂಟು ಇರುವಷ್ಟು ಹೊತ್ತು
ಯಂತ್ರಕ್ಕೆ ಕೆಲಸ ಕೊಡುತ್ತೇನೆ:
ಬಾಡಿಗೆ ಕರಾರಿನ ಕರಡು, ಬ್ಯಾಂಕಿಗೊಂದು ನೋಟೀಸು,
ಮುನ್ನೂರು ಪುಟದ ಕಡತದಿಂದ ಬರೀ ತಾರೀಖುಗಳು.
ಚಹಾ ಆರುವ ಮೊದಲೇ ಮುಗಿಸಿರುತ್ತದೆ.
ಹಿಂದೆ ಇದಕ್ಕೆ ನನ್ನ ಎರಡು ಭಾನುವಾರ ಹೋಗುತ್ತಿದ್ದವು.
ಉಳಿದ ಭಾನುವಾರಗಳನ್ನು ಏನು ಮಾಡುವುದೋ
ಇನ್ನೂ ಗೊತ್ತಾಗಿಲ್ಲ.

ಗುಮಾಸ್ತ ಓಬಾರನಿಗೆ ಅದರ ಮೇಲೆ ನಂಬಿಕೆಯಿಲ್ಲ.
ಅದು ಹೇಳಿದ ಒಂದೊಂದು ನಜೀರನ್ನೂ
ಏಣಿ ಹತ್ತಿ, ಧೂಳು ಕೊಡವಿ, ಸಂಪುಟದಲ್ಲಿ ಹುಡುಕುತ್ತಾನೆ.
ಸಿಗದಿದ್ದರೆ ಮೇಲಿಂದಲೇ ಕೂಗುತ್ತಾನೆ,
"ಮೇಡಂ, ಈ ಮನುಷ್ಯ ಹುಟ್ಟೇ ಇಲ್ಲ!"
ಅವನ ಸಂಬಳದಲ್ಲಿ ಒಂದು ಪಾಲು ಈ ಕೂಗಿಗೆ.

ನನ್ನದೂ ಒಂದು ಮಡಿ ಇದೆ.
ಕಕ್ಷಿದಾರರ ಹೆಸರು ಯಂತ್ರದ ಹೊಸ್ತಿಲು ದಾಟಬಾರದು.
ಗುಟ್ಟು ಕಾಯುವುದು ಈ ಕರಿ ಗೌನಿಗಿಂತ ಹಳೆಯದು.
ಹಾಗಾಗಿ ಕಳಿಸುವ ಮೊದಲು
ಒಬ್ಬೊಬ್ಬರನ್ನೂ ಅಕ್ಷರಕ್ಕೆ ಇಳಿಸುತ್ತೇನೆ:
ಅಣ್ಣ, ವ್ಯಕ್ತಿ ಅ. ತಂಗಿ, ವ್ಯಕ್ತಿ ಬ.
ತೀರಿಕೊಂಡ ಅಪ್ಪ, ವ್ಯಕ್ತಿ ಕ.
ಊರು, ಬರೀ ಊರು.

ಆ ವಾರ ತಂಗಿಯ ಕೇಸು.
ಅಪ್ಪನ ಮೂರು ಎಕರೆ, ಹೊಳೆಯ ಬದಿಯದು.
ಅಣ್ಣನ ವಾದ: ಇವಳು ಅಪ್ಪನ ಮಗಳೇ ಅಲ್ಲ,
ಅವನು ಹೋದಮೇಲೆ ಅಮ್ಮ ಎಲ್ಲೋ ಪಡೆದವಳು.
ಜನನ ಪತ್ರ ಇಲ್ಲ. ಸೂಲಗಿತ್ತಿ ಇಲ್ಲ. ಅಮ್ಮನೂ ಈಗ ಇಲ್ಲ.
ಯಂತ್ರ ಹೇಳಿತು, ಮರ್ಯಾದೆಯಿಂದಲೇ:
"ವ್ಯಕ್ತಿ ಬ, ವ್ಯಕ್ತಿ ಕ ಅವರ ಮಗಳೆಂಬುದಕ್ಕೆ
ಕಡತದಲ್ಲಿ ಆ ಕಾಲದ ಪುರಾವೆ ಕಾಣುವುದಿಲ್ಲ.
ರಾಜಿಯನ್ನು ಪರಿಗಣಿಸಬಹುದು."
ತಪ್ಪು ಹುಡುಕಿದೆ. ಸಿಗಲಿಲ್ಲ.
ರಾಜಿಯ ಕರಡನ್ನೂ ಅದರಿಂದಲೇ ಬರೆಸಿದೆ.
ಚೆನ್ನಾಗಿಯೇ ಇತ್ತು.

ಸಹಿ ಮಾಡಲು ಅವಳು ಬಂದಳು,
ಒಣಮೀನಿನ ಬುಟ್ಟಿಯನ್ನು ಬಾಗಿಲಾಚೆ ಇಟ್ಟು.
ಓಬಾರ ರಿಜಿಸ್ಟರು ಬಿಡಿಸಿ ಕೇಳಿದ, ಹೆಸರು?
"ಅಚೋಲ."
ಅವನ ಪೆನ್ನು ನಿಂತಿತು.
ನನ್ನತ್ತ ನೋಡಿದ. ಈ ಸಲ ಏಣಿಯಿಲ್ಲ, ಕೂಗಿಲ್ಲ.

ನಮ್ಮ ಲುವೊ ಜನರಲ್ಲಿ ಹೆಸರು ಸುಮ್ಮನೆ ಇಡುವುದಿಲ್ಲ.
ನಾನು ಅಡೊಂಗೊ, ಅವಳಿಯಲ್ಲಿ ಹಿಂದೆ ಬಂದವಳು.
ಮಳೆಯಲ್ಲಿ ಹುಟ್ಟಿದರೆ ಅಕೋತ್.
ಬೆಳಗಿನ ಜಾವಕ್ಕೆ ಹುಟ್ಟಿದರೆ ಅಕಿನ್ಯಿ.
ಅಪ್ಪನನ್ನು ಮಣ್ಣಿಗಿಟ್ಟ ಮೇಲೆ
ಅವನದೇ ಮನೆಯ ಸೂತಕದಲ್ಲಿ ಕಣ್ಣುಬಿಟ್ಟವಳು
ಅಚೋಲ.
ಸತ್ತವನ ದಾಯಾದಿಗಳ ಎದುರೇ ಇಟ್ಟ ಹೆಸರು.
ಅಣ್ಣನಿಗೆ ಆಗ ಎಂಟು ವರ್ಷ.
ಅದೇ ಹೆಸರು ಹಿಡಿದು ಇವಳನ್ನು ಊಟಕ್ಕೆ ಕರೆದಿದ್ದಾನೆ,
ಅದೇ ಹೆಸರಲ್ಲಿ ಶಾಲೆಗೆ ಸೇರಿಸಲು ಕೈಹಿಡಿದು ಹೋಗಿದ್ದಾನೆ.

ಕಡತದ ನಲವತ್ತೇಳು ಕಡೆ ಇತ್ತದು.
ನಲವತ್ತೇಳು ಕಡೆಯೂ, ಒಂದೇ ಗುಂಡಿ ಒತ್ತಿ,
ಅಳಿಸಿದವಳು ನಾನು.
ಯಂತ್ರಕ್ಕೆ ಕಣ್ಣು ಕಟ್ಟಿದ್ದು ಸರಿ,
ಅದು ನನ್ನ ಧರ್ಮ.
ಅದೇ ಬಟ್ಟೆಯ ಇನ್ನೊಂದು ತುದಿಯನ್ನು
ನನ್ನ ಕಣ್ಣಿಗೂ ಸುತ್ತಿಕೊಂಡಿದ್ದೆ.

ಮತ್ತೆ ಬರೆದೆ: ವ್ಯಕ್ತಿ ಬ ಹೆಸರು ಕೇಳಬೇಡ,
ಅದರ ಅರ್ಥ ಮಾತ್ರ ಹೀಗೆ.
ಅಣ್ಣನ ಪಾಟೀಸವಾಲಿಗೆ ಹನ್ನೊಂದು ಪ್ರಶ್ನೆ ಕೊಟ್ಟಿತು.
ಹತ್ತು ನನಗೂ ಹೊಳೆಯುವಂಥವು.
ಏಳನೆಯದು ಹೊಳೆಯುತ್ತಿರಲಿಲ್ಲ:
"ಹಾಗಾದರೆ, ನೀವು ಆಕೆಯನ್ನು ಏನೆಂದು ಕರೆಯುತ್ತಿದ್ದಿರಿ?"

ಓಬಾರ ಆಗಲೇ ಏಣಿ ಹತ್ತಿದ್ದ.
ಅಚೋಲ ಒಂದು ಕಣ್ಣು ಬುಟ್ಟಿಯ ಮೇಲಿಟ್ಟೇ ಕೇಳಿದಳು,
ಸಹಿ ಎಲ್ಲಿ ಹಾಕಲಿ?
ಎಲ್ಲೂ ಬೇಡ, ಅಂದೆ.
ಕೂತುಕೊ.
ಹೆಸರು ಇನ್ನೊಂದು ಸಲ ಹೇಳು.