ಬ ಖರಾಬು, ಎರಡು ಗುಂಟೆ

ಪಹಣಿಯಲ್ಲಿ ಹಾಗೆಯೇ ಇದೆ.
ಬೆಳೆಯ ಕಾಲಂ ಖಾಲಿ. ಹೆಸರು: ಸರ್ಕಾರ.
ಷರಾ: ನೆಲದಡಿ ಒಂದು ಕೊಠಡಿ.
ಯಾತಕ್ಕೆ ಎಂದು ಬರೆದಿಲ್ಲ.

ಅಳತೆಗೆ ಹೋದೆ.
ಮಂಡ್ಯ ದಾಟಿ, ನಾಲೆ ಏರಿಯ ಮೇಲೆ ಗಾಡಿ ನಿಲ್ಲಿಸಿ,
ಕಬ್ಬು ಒತ್ತದೆ ಬಿಟ್ಟ ದಿಬ್ಬ ಹತ್ತಿದೆ.
ಸರಪಳಿ ಹಿಡಿಯುವ ಹುಡುಗ ಸಿದ್ದಶೆಟ್ಟಿ
ಪ್ಯಾಂಟಿಗೆ ಹತ್ತಿದ ಉತ್ತರಾಣಿ ಕೀಳುತ್ತ ಹಿಂದೆ.
ಕಬ್ಬಿಣದ ಮುಚ್ಚಳ. ಅದರ ಮೇಲೆ ಯಾರೋ
ಬೆರಣಿ ತಟ್ಟಿದ್ದರು.
ಒಂದೊಂದೇ ಎತ್ತಿ ಬದಿಗಿಟ್ಟೆವು,
ಐದು ಬೆರಳ ಗುರುತು ಮುಕ್ಕಾಗದ ಹಾಗೆ.

ಏಣಿಗೆ ಹದಿನಾಲ್ಕು ಮೆಟ್ಟಿಲು, ಹನ್ನೊಂದು ಉಳಿದಿವೆ.
ಕೆಳಗೆ ಹಗೇವಿನ ತಂಪು. ಬಾವಲಿ ಹಿಕ್ಕೆಯ ಘಾಟು.
ಒಂದು ಮೇಜು, ಒಂದು ಮಂಚ, ಗಾಳಿಗೊಂದು ಕೊಳವೆ,
ಗೋಡೆಗೆ ನೆಟ್ಟ ಗಾಜಿನ ಕಣ್ಣಲ್ಲಿ ಒಂದು ಸೂಜಿ.
ಬೆರಳಲ್ಲಿ ತಟ್ಟಿದೆ.
ಅಲುಗಲಿಲ್ಲ.

ಇಲ್ಲಿ ಕೂರುತ್ತಿದ್ದವನು ಜವರಯ್ಯ.
ಹೆಸರಲ್ಲೇ ಜವರಾಯ. ಕೆಲಸವೂ,
ಜವರಾಯ ಯಾವ ದಿಕ್ಕಿಂದ ಬರುತ್ತಾನೆಂದು ಕಾಯುವುದು.
ಊರು ನಕ್ಕಿತಂತೆ:
ಕಳ್ಳನ ಕೈಗೇ ಬೀಗದಕೈ ಕೊಟ್ರಲ್ಲಪ್ಪ.

ಮೈಸೂರಲ್ಲಿ ಮೂರು ದಿನ ಪಾಠ ಹೇಳಿ ಕಳಿಸಿದ್ದರು.
ಎಲ್ಲೋ ಬಾಂಬು ಬೀಳುತ್ತದೆ, ಬೂದಿ ಗಾಳಿ ಹತ್ತಿ ಬರುತ್ತದೆ,
ಕಣ್ಣಿಗೆ ಕಾಣದು, ಮೂಗಿಗೆ ತಾಗದು,
ಸೂಜಿಗೆ ಮಾತ್ರ ಗೊತ್ತು.
ಸೂಜಿ ಹೇಳಿದ್ದನ್ನು ನೀನು ಫೋನಿನಲ್ಲಿ ಹೇಳು.
ಆ ಹೊತ್ತಿಗೆ ಆ ತುದಿಯಲ್ಲಿ
ಫೋನೆತ್ತಲು ಯಾರಿರುತ್ತಾರೆ ಎಂದು
ಅವನು ಕೇಳಿದನೋ ಇಲ್ಲವೋ, ತಿಳಿಯದು.

ಮೇಜಿನ ಖಾನೆಯಲ್ಲಿ ರಿಜಿಸ್ಟರು, ಗೆದ್ದಲು ಬಿಟ್ಟಷ್ಟು.

ಸೋಮವಾರ. ಪಡುವಣ ಗಾಳಿ. ಸೊನ್ನೆ.
ಮಂಗಳವಾರ. ಗಾಳಿ ಇಲ್ಲ. ಸೊನ್ನೆ.
ಬುಧವಾರ. ಹೆಣ್ಣು ಕೂಸು, ಬೆಳಗಿನ ಜಾವ. ಸೊನ್ನೆ.
ಗುರುವಾರ. ನಾಲೆಗೆ ನೀರು ಬಿಟ್ಟರು. ಕೊಳವೆಯಲ್ಲಿ
ಕಪ್ಪೆ ಸದ್ದು ಇಳಿಯಿತು. ಸೊನ್ನೆ.

ಹೀಗೆ ಹನ್ನೊಂದು ವರ್ಷ.
ಮೊದಮೊದಲ ಸೊನ್ನೆ ಮದುವೆ ಬಳೆಯ ಹಾಗೆ ದುಂಡಗೆ,
ಹಸಿರು ಮಸಿಯಲ್ಲಿ.
ಬರಬರುತ್ತ ರಾಗಿಕಾಳು.
ಕೊನೆಯ ಪುಟಗಳಲ್ಲಿ
ಪೆನ್ನು ಸುಮ್ಮನೆ ಮುಟ್ಟಿ ಎದ್ದ ಚುಕ್ಕೆ.

ಒಂದೇ ಒಂದು ಕಡೆ ಗಾಬರಿಯ ಅಕ್ಷರ:

ಬೆಳಗ್ಗೆ ಮೇಲೆ ಬಂದರೆ ಬೂದಿ. ಎಮ್ಮೆ ಬೆನ್ನಿನ ಮೇಲೆ,
ಹರವಿದ ಸೀರೆ ಮೇಲೆ, ಕೂಸಿನ ತೊಟ್ಟಿಲ ಬಟ್ಟೆ ಮೇಲೆ
ಕಪ್ಪು ಎಸಳು ಎಸಳಾಗಿ.
ಬಿದ್ದೂ ಎದ್ದೂ ಇಳಿದೆ. ಸೊನ್ನೆ.
ಗಾಜು ಒರೆಸಿ ನೋಡಿದೆ. ಸೊನ್ನೆ.
ಸಕ್ಕರೆ ಕಾರ್ಖಾನೆ ರಾತ್ರಿಯೇ ಶುರುವಾಗಿದೆ, ಮರೆತಿದ್ದೆ.
ಒಂದು ಎಸಳು ನಾಲಗೆಗಿಟ್ಟೆ.
ಸಿಹಿ ಇಲ್ಲ.

ಮೇಲೆ ಬಂದಾಗ ಬೆರಣಿಯವಳು ನಿಂತಿದ್ದಳು, ಸೊಂಟಕ್ಕೆ ಮಂಕರಿ.
“ಮುಚ್ಚುಳ ತಕ್ಕೊಂಡ್ ಹೋಗ್ಬ್ಯಾಡಿ ಸ್ವಾಮಿ,
ಕಬ್ಬುಣ ಕಾಯ್ತದೆ, ಜಲ್ದಿ ಒಣುಗ್ತದೆ.”
ಯಾರಮ್ಮ ಎಂದೆ.
“ನಮ್ಮಪ್ಪ ಇದ್ರೊಳ್ಗೇ ಕುಂತು ಅದೇನೋ ಎಣುಸ್ತಿದ್ದ.
ಎಣ್ಸಿದ್ದ ಒಂದಿನವಾದ್ರೂ ಮನೆಗ್ ತರ್ನಿಲ್ಲ.”

ಯಾವ ವಾರ ಹುಟ್ಟಿದೆ ಎಂದು
ಮಹಜರಿನಲ್ಲಿ ಕೇಳುವ ಕ್ರಮವಿಲ್ಲ.

ಚಕ್ಕುಬಂದಿ ಬರೆದೆ.
ಪೂರ್ವಕ್ಕೆ ನಾಲೆ. ಪಶ್ಚಿಮಕ್ಕೆ ಕಬ್ಬು.
ಉತ್ತರಕ್ಕೆ ಬಂಡಿಜಾಡು.
ದಕ್ಷಿಣಕ್ಕೆ, ಅದು ಜವರಾಯನ ದಿಕ್ಕು,
ಈಕೆ ಹಾಕಿದ ನಾಲ್ಕು ಸಾಲು ಬದನೆ.
ಹಾಲಿ ಉಪಯೋಗ: ಬೆರಣಿ.

“ಮುಚ್ಲಾ ಸಾರ್?” ಅಂದ ಸಿದ್ದಶೆಟ್ಟಿ.
ಮುಚ್ಚು ಅಂದೆ.
ರುಜು ಹಾಕುವಾಗ ಹಾಳೆಯ ಮೇಲೆ
ಎಲ್ಲಿಂದಲೋ ಒಂದು ಕಪ್ಪು ಎಸಳು ಇಳಿಯಿತು.
ಊದಿದೆ. ಹೋಗಲಿಲ್ಲ.
ಬೆರಳಲ್ಲಿ ಒರೆಸಿದೆ,
ಎರಡು ಗುಂಟೆಯ ಉದ್ದಕ್ಕೂ ಗೀಟಾಯಿತು.